ಹೆಡ್‌ಮಿಸ್ ಹಾಕಿದ ತಕರಾರು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ದೂರು ಕಳ್ಳನ ಮೇಲಿನದಲ್ಲ, ಠಾಣೆಯ ಮೇಲಿನದು. ತಂದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ನಿವೃತ್ತಿಯ ಸುದ್ದಿ ಅವರ ಧ್ವನಿಗೆ ಇನ್ನೂ ತಲುಪಿರಲಿಲ್ಲ. ಊರಿಗೆ ಅವರು ಈಗಲೂ ಹೆಡ್‌ಮಿಸ್. ದಫೇದಾರ್ ಅವರ ಶಾಲೆಯಲ್ಲೇ ಓದಿದವನು. ಅವರನ್ನು ಕಂಡವನೇ ಎದ್ದು ನಿಂತು, ಟೊಪ್ಪಿಗಾಗಿ ತಡಕಾಡಿ, ಸಿಗದೆ ತಲೆ ಸವರಿಕೊಂಡ.

"ಕೂತ್ಕೋ," ಎಂದು ಅವನಿಗೆ ಅನುಮತಿ ಕೊಟ್ಟು, ಅವರು ಇನ್‌ಸ್ಪೆಕ್ಟರರ ಮೇಜಿನ ಮೇಲೆ ಕೋರ್ಟಿನ ನೋಟಿಸು ಇಟ್ಟರು.

ಎರಡು ತಿಂಗಳ ಹಿಂದೆ ಅವರ ಮಲಗುವ ಕೋಣೆಯ ಬೀರುವಿನಿಂದ ನಾಲ್ಕು ಚಿನ್ನದ ಬಳೆ ಕಾಣೆಯಾಗಿದ್ದವು. ಆ ವಾರ ಹಾಲ್‌ಗೆ ಬಣ್ಣ ಹೊಡೆಯುತ್ತಿದ್ದ ಪೇಂಟರನ ಮೇಲೆ ಅನುಮಾನವೆಂದು ಅವರೇ ಹೇಳಿದ್ದರು. ಎಫ್‌ಐಆರ್ ಆಯಿತು, ಪಂಚನಾಮೆ ಆಯಿತು. ಪೇಂಟರನನ್ನು ಅವನ ಬೀದಿಯಲ್ಲೇ ಹಿಡಿದು ಜೀಪು ಹತ್ತಿಸಿ, ವಿಚಾರಣೆ ಮಾಡಿ, ಮರುದಿನ ಬಿಟ್ಟರು. ಆಮೇಲೆ, ಸಾಕ್ಷ್ಯವಿಲ್ಲ, ಪ್ರಕರಣ ಮುಗಿಸಬಹುದು ಎಂದು ಕೋರ್ಟಿಗೆ ಬಿ ವರದಿ ಹೋಯಿತು. ಸಹಿ ಇನ್‌ಸ್ಪೆಕ್ಟರರದ್ದೇ. ಆಕ್ಷೇಪವಿದ್ದರೆ ತಿಳಿಸಿ ಎಂದು ಕೋರ್ಟು ಈಗ ಕೇಳಿತ್ತು. ಹೆಡ್‌ಮಿಸ್‌ಗೆ ಆಕ್ಷೇಪ ಕೇಳುವುದೆಂದರೆ ಮೀನಿಗೆ ಈಜುತ್ತೀಯಾ ಎಂದು ಕೇಳಿದ ಹಾಗೆ.

"ಹಿಡಿದೋರೂ ನೀವೇ, ಬಿಟ್ಟೋರೂ ನೀವೇ. ಮಧ್ಯೆ ಏನ್ರೀ ಮಾಡಿದ್ರಿ?"

"ವಿಚಾರಣೆ ಮಾಡಿದ್ವಿ ಅಮ್ಮಾ. ಸಾಕ್ಷಿ ಸಿಗಲಿಲ್ಲ."

"ಸಿಗಲಿಲ್ವೋ, ಹುಡುಕಲಿಲ್ವೋ?"

ಇನ್‌ಸ್ಪೆಕ್ಟರ್ ನೀರು ಕುಡಿದರು.

"ಸರಿ. ನನಗೆ ಈಗ ದಾರಿ ಏನು, ಅದು ಹೇಳಿ."

"ಬಿ ವರದಿ ಒಪ್ಪಲ್ಲ ಅಂತ ಕೋರ್ಟಿಗೆ ತಕರಾರು ಅರ್ಜಿ ಹಾಕಬಹುದು. ಅವರಿಗೆ ಸರಿ ಅನ್ನಿಸಿದ್ರೆ ಮತ್ತೆ ತನಿಖೆ ಮಾಡಿ ಅಂತಾರೆ. ಇಲ್ಲಾ, ನೀವೇ ನೇರವಾಗಿ ಅವನ ಮೇಲೆ ಖಾಸಗಿ ದೂರು ಕೊಡಬಹುದು. ಆಗ ಸಾಕ್ಷಿ ತರೋದೂ ನಿಮ್ಮದೇ ಜವಾಬ್ದಾರಿ. ಅದೂ ಬೇಡ ಅಂದ್ರೆ, ನಮ್ಮ ಮೇಲಿನವರಿಗೆ ಬರೀಬಹುದು."

"ಮೂರೂ ಮಾಡ್ತೀನಿ."

"ಒಂದೊಂದಾಗಿ ಮಾಡಿದ್ರೆ..."

"ಯಾವುದಾದರೂ ಎರಡಕ್ಕೆ ಉತ್ತರಿಸಿ ಅಂತ ಕೊಟ್ರೂ ನನ್ನ ಮಕ್ಕಳು ಮೂರೂ ಬರೀತಿದ್ರು." ಹೆಡ್‌ಮಿಸ್ ದಫೇದಾರನ ಕಡೆ ನೋಡಿದರು. "ಇವನೊಬ್ಬನನ್ನ ಬಿಟ್ಟು."

ಮೊದಲನೆಯ ದಾರಿಯೇ ಸಾಕಾಯಿತು. ಹದಿನೈದು ದಿನದಲ್ಲಿ ಕೋರ್ಟು ಮರುತನಿಖೆಗೆ ಆದೇಶಿಸಿತು. ಇನ್‌ಸ್ಪೆಕ್ಟರ್ ಕಡತ ತರಿಸಿ ಓದಿದರು. ತಾವೇ ಸಹಿ ಹಾಕಿದ್ದನ್ನು ಓದುತ್ತಿರುವುದು ಅದೇ ಮೊದಲ ಸಲ ಎಂಬುದು ಅರ್ಧಕ್ಕೆ ಬಂದಾಗ ಹೊಳೆದು, ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಓದಿ ಮುಗಿಸಿ ದಫೇದಾರನನ್ನು ಕರೆದರು.

"ಬೀರುವಿನ ಬೀಗ ಮುರಿದು, ಅಂತ ಬರೆದಿದ್ದೀಯ. ಮುರಿದಿದ್ದನ್ನ ನೋಡಿದ್ಯಾ?"

ದಫೇದಾರ್ ಕಾಲಬೆರಳು ನೋಡಿಕೊಂಡ. "ಕಳ್ಳತನ ಅಂದ್ಮೇಲೆ ಮುರಿದೇ ಇರುತ್ತಲ್ಲ ಸಾರ್."

"ಒಳಗೆ ಹೋಗಿದ್ಯೋ ಇಲ್ವೋ?"

"ಹೆಡ್‌ಮಿಸ್ ಮಲಗೋ ಕೋಣೆ ಸಾರ್. ನಾನು ಹೇಗೆ ಕಾಲಿಡಲಿ? ಹೊಸಿಲಲ್ಲೇ ನಿಂತು ಬರಕೊಂಡೆ."

"ಪಂಚರು?"

"ಅವರು ನನ್ನ ಹಿಂದೆ ನಿಂತಿದ್ರು. ಅವರೂ ಅದೇ ಸ್ಕೂಲು ಸಾರ್."

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಇನ್‌ಸ್ಪೆಕ್ಟರ್, ದಫೇದಾರ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಆ ಮನೆಗೆ ಹೋದರು. ಹಾಲ್‌ನ ಒಂದು ಗೋಡೆ ಹೊಸ ಹಳದಿ, ಉಳಿದ ಮೂರು ಹಳೆಯ ಮಾಸಲು. ಪೇಂಟರ್ ಅಲ್ಲಿಗೆ ನಿಲ್ಲಿಸಿದ್ದ. ಮನೆಯಲ್ಲಿ ಇಬ್ಬರೇ: ಹೆಡ್‌ಮಿಸ್ ಮತ್ತು ಅವರ ತಂಗಿ. ತಂಗಿಗೆ ಐವತ್ತೈದು ದಾಟಿತ್ತು. ಅಕ್ಕ ಶಾಲೆ ನೋಡಿಕೊಂಡಷ್ಟು ವರ್ಷ ಆಕೆ ಮನೆ ನೋಡಿಕೊಂಡಿದ್ದಳು. ಅದಕ್ಕೆ ನಿವೃತ್ತಿ ಇರಲಿಲ್ಲ.

ಮಲಗುವ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಮಂಡಿಯೂರಿ ಕೂತು ಬೀರುವಿನ ಬೀಗ ನೋಡಿದರು. ಗೀರೂ ಇಲ್ಲ.

"ಬೆರಳಚ್ಚೇನೂ ಸಿಕ್ಕಿರಲಿಲ್ಲ ಆವತ್ತು," ಎಂದರು.

"ಎಲ್ಲಿಂದ ಸಿಗುತ್ತೆ? ನೀವು ಬರೋ ಮುಂಚೆ ಇಬ್ಬರೂ ಸೇರಿ ಮನೆಯೆಲ್ಲ ಒರೆಸಿದ್ವಿ. ಪೊಲೀಸರು ಬರ್ತಾರೆ ಅಂದ್ರೆ ಮನೆ ಹಾಗೇ ಬಿಟ್ಟಿರೋಕಾಗುತ್ತಾ?"

ಇನ್‌ಸ್ಪೆಕ್ಟರ್ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. "ಬಳೆ ಇದ್ದ ಡಬ್ಬದಲ್ಲಿ ಬೇರೆ ಏನಿತ್ತು?"

"ನನ್ನ ಎರಡೆಳೆ ಸರ, ಓಲೆ, ಎರಡು ಉಂಗುರ."

"ಅವೂ ಹೋದ್ವಾ?"

"ಇಲ್ಲ. ಇವೆ."

ಏನು ಹೋಯಿತೆಂದು ಬರೆದುಕೊಂಡಿದ್ದ ಠಾಣೆ, ಏನು ಉಳಿಯಿತೆಂದು ಕೇಳಿರಲೇ ಇಲ್ಲ. ಕೇಳಿದ್ದರೆ ಎರಡು ತಿಂಗಳ ಹಿಂದೆಯೇ ಯಾರಿಗಾದರೂ ತಲೆ ಕೆರೆದುಕೊಳ್ಳುವಂತಾಗುತ್ತಿತ್ತು: ಸರ ಬಿಟ್ಟು ಬಳೆ ಮಾತ್ರ ಆರಿಸಿಕೊಳ್ಳುವಷ್ಟು ಅಭಿರುಚಿಯ ಕಳ್ಳ ಯಾರು?

"ಕೀ ಎಲ್ಲಿರುತ್ತೆ?"

"ನನ್ನ ಸೊಂಟದಲ್ಲಿ. ಸ್ನಾನಕ್ಕೆ ಹೋದಾಗ ಮಾತ್ರ ದಿಂಬಿನ ಕೆಳಗೆ."

"ಪೇಂಟರಿಗೆ ಗೊತ್ತಿತ್ತಾ?"

"ಅವನಿಗೆ ಹೇಗೆ ಗೊತ್ತಿರುತ್ತೆ?" ಎಂದವರು ಅಲ್ಲಿಗೇ ನಿಂತರು.

ತಂಗಿ ತಟ್ಟೆಯಲ್ಲಿ ಟೀ ತಂದಳು. ಮೇಲೆ ಫ್ಯಾನು ಬಿಸಿಗಾಳಿಯನ್ನೇ ಹಂಚುತ್ತಿತ್ತು. ದಫೇದಾರನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮಹಿಳಾ ಕಾನ್‌ಸ್ಟೇಬಲ್ ಲೋಟ ತೆಗೆದುಕೊಳ್ಳುತ್ತ, "ಯಾಕಕ್ಕಾ, ಈ ಸೆಕೇಲಿ ಸ್ವೆಟರು?" ಎಂದಳು.

ಉತ್ತರ ಕೊಟ್ಟವರು ಹೆಡ್‌ಮಿಸ್. ತಂಗಿಗೆ ಬಂದ ಪ್ರಶ್ನೆಗಳಿಗೂ ಉತ್ತರಿಸುವುದು ಅವರಿಗೆ ರೂಢಿ. "ಅವಳಿಗೆ ಚಳಿಯಂತೆ. ಡಾಕ್ಟರ ಹತ್ರ ನಡಿ ಅಂದ್ರೂ ಬರಲ್ಲ. ರಾತ್ರಿನೂ ಅದನ್ನೇ ಹಾಕ್ಕೊಂಡು ಮಲಗ್ತಾಳೆ."

"ಯಾವಾಗಿಂದ ಅಮ್ಮಾ?" ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

"ಕಳ್ಳತನ ಆದ..." ಯಾವ ಪ್ರಶ್ನೆಗೂ ಅರ್ಧ ಉತ್ತರ ಕೊಟ್ಟವರಲ್ಲ ಹೆಡ್‌ಮಿಸ್. "ಆದ ದಿನದಿಂದ," ಎಂದು ಮುಗಿಸಿದರು. ಮುಗಿಸುವಷ್ಟರಲ್ಲಿ ಧ್ವನಿ ಇಳಿದುಹೋಗಿತ್ತು.

ತಂಗಿ ತಟ್ಟೆ ಕೆಳಗಿಟ್ಟು, ತಾನೇ ಸ್ವೆಟರಿನ ತೋಳು ಮೇಲೆ ಸರಿಸಿದಳು. ಎಡಗೈಯಲ್ಲಿ ನಾಲ್ಕು ಬಳೆ. ಮಣಿಕಟ್ಟಿನ ಚರ್ಮ ಕೆಂಪಗೆ ತರಚಿತ್ತು.

"ಏನು ಹಚ್ಚಿದ್ರೂ ಬರ್ತಾ ಇಲ್ಲ," ಎಂದಳು. "ಅಮ್ಮ ಹಾಕಿ ನೋಡಿದಾಗ ಬೆರಳ ಗಂಟು ಇಷ್ಟು ದಪ್ಪ ಇರಲಿಲ್ಲ."

ಹೇಳಿಕೆ ಬರೆದುಕೊಂಡವಳು ಮಹಿಳಾ ಕಾನ್‌ಸ್ಟೇಬಲ್. ಬಳೆ ಅಮ್ಮನದು. ಸಾಯುವ ಮುಂಚೆ ಅಮ್ಮ ಅದನ್ನು ಚಿಕ್ಕವಳ ಕೈಗೆ ಹಾಕಿ ಅಳತೆ ನೋಡಿ, ಇದು ನಿನಗೆ ಅಂದಿದ್ದಳು. ಆಮೇಲೆ ಜೋಪಾನವಾಗಿರಲಿ ಎಂದು ಅಕ್ಕ ಬೀರುವಿನಲ್ಲಿಟ್ಟರು. ಜೋಪಾನ ಮುಗಿಯಲೇ ಇಲ್ಲ. ಕೇಳಲು ನಾಚಿಕೆಯಾಯಿತು, ಈ ವಯಸ್ಸಿನಲ್ಲಿ ಬಳೆ ಆಸೆಯೇ ಅಂದುಬಿಟ್ಟರೆ? ಅಕ್ಕ ಸ್ನಾನಕ್ಕೆ ಹೋದಾಗ ಒಂದು ಸಲ ಹಾಕಿ, ಕನ್ನಡಿಯಲ್ಲಿ ನೋಡಿ, ಇಟ್ಟುಬಿಡೋಣ ಎಂದುಕೊಂಡಿದ್ದಳು.

"ಎಣ್ಣೆ ಹಚ್ಚಿದೆ, ಬರಲಿಲ್ಲ. ಸೋಪು ಬಚ್ಚಲಲ್ಲಿತ್ತು. ಅಕ್ಕನೂ ಅಲ್ಲೇ ಇದ್ಲು. ಆಚೆ ಬಂದೋಳೇ ಬೀರು ನೋಡಿ ಕಳ್ಳ ಅಂದ್ಲು. ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಪೇಂಟರೇ ಅಂದ್ಬಿಟ್ಲು."

"ಅವನನ್ನ ಹಿಡಕೊಂಡು ಹೋದಾಗ?"

"ಅವತ್ತು ಸತ್ತೇ ಹೋಗಬೇಕು ಅನ್ನಿಸ್ತು. ಬಿಟ್ರು ಅಂತ ಗೊತ್ತಾದಾಗ, ಎಲ್ಲಾ ಮುಗೀತು ಅಂದ್ಕೊಂಡೆ. ಅಕ್ಕ ತಕರಾರು ಹಾಕಿದ್ಲು."

ಹೆಡ್‌ಮಿಸ್ ಕುರ್ಚಿಯ ಕೈ ಹಿಡಿದುಕೊಂಡಿದ್ದರು. "ನಾನು ಅರ್ಜಿ ವಾಪಸ್ ತಗೋತೀನಿ."

"ಈಗದು ಕೋರ್ಟಿನ ಆದೇಶ ಅಮ್ಮಾ. ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ."

"ಬಳೆ ಅವಳದೇ ಅಂತ ನಾನೇ ಬರಕೊಡ್ತೀನಿ."

"ಕೊಡಿ. ಕೋರ್ಟಿಗೆ ಕಳಿಸ್ತೀನಿ. ಅದರಿಂದ ಒಳ್ಳೇದಾಗಬಹುದು. ಆದ್ರೆ ಇವತ್ತು ಜಪ್ತಿ ಮಾಡಲೇಬೇಕು."

ನಾಲ್ಕೂವರೆಗೆ ಅಕ್ಕಸಾಲಿಗನನ್ನು ಕರೆಸಿದರು. ಈ ಸಲ ಪಂಚರು ಒಳಗೇ ನಿಂತರು, ದಫೇದಾರನೂ ನಿಂತ. ಅಕ್ಕ ತಂಗಿಯ ಮುಂಗೈ ಹಿಡಿದುಕೊಂಡರು. ಬಳೆಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯಲಾಯಿತು. ಐದೂಕಾಲಿಗೆ ತಂಗಿಯನ್ನು ದಸ್ತಗಿರಿ ಮಾಡಿರುವುದಾಗಿ ಬರೆದು ಓದಿ ಹೇಳಿದರು. ಹೊರಡುವಾಗ ಆಕೆ ಸ್ವೆಟರು ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟಳು. ಮರುದಿನ ಜಾಮೀನು ಸಿಕ್ಕಿತು.

ಶನಿವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಪೇಂಟರನ ಮನೆಗೆ ಹೋದರು. ಹೆಡ್‌ಮಿಸ್ ತಾವೂ ಬರುವೆನೆಂದು ಜೀಪು ಹತ್ತಿದ್ದರು. ಪೇಂಟರ್ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಇನ್‌ಸ್ಪೆಕ್ಟರ್ ಹೊಸಿಲು ದಾಟಿ, ತಗ್ಗಿದ ಧ್ವನಿಯಲ್ಲಿ ವಿಷಯ ಹೇಳಿದರು.

"ಕೆಲಸ ಹೇಗಿದೆ?" ಎಂದೂ ಕೇಳಿದರು.

"ಇದೆ ಸಾರ್. ಗೇಟು, ಕಾಂಪೌಂಡು. ಮನೆ ಒಳಗಡೆದು ಯಾರೂ ಕೊಡಲ್ಲ. ಕೊಟ್ರೂ ಕುರ್ಚಿ ಹಾಕ್ಕೊಂಡು ಎದುರಿಗೇ ಕೂತಿರ್ತಾರೆ."

"ನಿಮ್ಮ ತಪ್ಪಿಲ್ಲ ಅಂತ ವರದಿ ಹೋಗುತ್ತೆ."

"ಹೋಗ್ಲಿ ಸಾರ್." ಅವನು ಬ್ರಷ್ಷು ಒದರಿದ. "ಹಿಡಿಯೋವಾಗ ಬೀದಿಲಿ ಹಿಡಿದ್ರಿ. ಬಿಡೋ ಮಾತು ಮಾತ್ರ ಮನೆ ಒಳಗೆ ಬಂದು ಹೇಳ್ತಿದ್ದೀರಲ್ಲ."

ಇನ್‌ಸ್ಪೆಕ್ಟರ್ ಹೊರಗೆ ಬಂದು ಬೀದಿಯ ನಡುವೆ ನಿಂತರು. ದಿನಸಿ ಅಂಗಡಿಯ ಮುಂದೆ ನಾಲ್ಕು ಜನ, ಎದುರು ಮಹಡಿಯಲ್ಲಿ ಬಟ್ಟೆ ಒಣಗಿಸುವವರು. "ಸದರಿ ಪ್ರಕರಣದಲ್ಲಿ," ಎಂದು ಶುರು ಮಾಡಿದರು. ಟೊಪ್ಪಿ ಸರಿಮಾಡಿಕೊಂಡು ಮತ್ತೆ, "ಸದರಿ ಪ್ರಕರಣದಲ್ಲಿ," ಎಂದರು.

ಹೆಡ್‌ಮಿಸ್ ಜೀಪಿನಿಂದ ಇಳಿದು ಬಂದು ಅವರ ಪಕ್ಕ ನಿಂತರು.

"ಬಳೆ ತಗೊಂಡಿದ್ದು ನನ್ನ ತಂಗಿ, ಇವನಲ್ಲ. ಇವನ ಮೇಲೆ ಹೇಳಿದ್ದು ನಾನು," ಎಂದರು. ಕೊನೆಯ ಬೆಂಚಿನವರೆಗೆ ತಲುಪುತ್ತಿದ್ದ ಧ್ವನಿ ಅಂಗಡಿಯವರೆಗೂ ಹೋಗಲಿಲ್ಲ.

"ಏನಂತೆ?" ಎಂದು ಮಹಡಿಯ ಮೇಲಿನಿಂದ ಯಾರೋ ಕೂಗಿದರು.

ಹೆಡ್‌ಮಿಸ್ ಕತ್ತೆತ್ತಿ, ಮೊದಲಿನಿಂದ ಹೇಳಿದರು.