ಹಿಂದಿನ ಮುಚ್ಚಳ

ಪುಟ್ಟಿ ಹೊಸ ಕಾಗದದ ಕಟ್ಟು ಬಿಚ್ಚಿದಳು. ಅಂಚುಗಳನ್ನು ಮೇಜಿಗೆ ತಟ್ಟಿ ತಟ್ಟಿ ಸಮ ಮಾಡಿದಳು. ಇಡೀ ಕಟ್ಟನ್ನು ಪ್ರಿಂಟರಿನ ಟ್ರೇಗೆ ಒತ್ತಿ ತುಂಬಿ, ಬಟನ್ ಅದುಮಿದಳು.

ಅಣ್ಣ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ. ಅತ್ತಿಗೆ ಮಂಚದ ಮೇಲೆ ಒಣಗಿದ ಬಟ್ಟೆ ಮಡಚುತ್ತಾ ನೋಡುತ್ತಿದ್ದಳು.

ಕರ್ರ್... ಕರ್ರ್... ಟಕ್!

ಕಾಗದ ಅರ್ಧ ಹೊರಗೆ ಬಂದು, ಇನ್ನರ್ಧ ಒಳಗೇ ಸಿಕ್ಕಿಕೊಂಡಿತು. ಕೆಂಪು ದೀಪ ಮಿಣುಕತೊಡಗಿತು. ಬೆಳಗಿನಿಂದ ಇದೇ ಕತೆ. ಪುಟ್ಟಿಗೆ ಅಳುವೇ ಬಂದಂತಾಯಿತು. ಹೊರಗಿದ್ದ ತುದಿಯನ್ನು ಬಿಗಿಯಾಗಿ ಹಿಡಿದಳು...

"ಎಳೀಬೇಡಿ!"

ಬೆಚ್ಚಿ ತಿರುಗಿದಳು. ಬಾಗಿಲಲ್ಲಿ, ಅಣ್ಣನ ಹಿಂದೆ ಒಬ್ಬ ಯುವಕ ನಿಂತಿದ್ದ. ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು. ಎಷ್ಟು ಬಾಚಿದರೂ ಕೂರದ ಒಂದು ಹಿಡಿ ಕೂದಲು ನೆತ್ತಿಯ ಮೇಲೆ ನಿಗುರಿ ನಿಂತಿತ್ತು.

"ಅಂಗಡಿಯಿಂದ ಕಳಿಸಿದ್ರು. ಪ್ರಿಂಟರ್ ರಿಪೇರಿಗೆ" ಎಂದು, ಚಪ್ಪಲಿ ಬಿಟ್ಟು ನೇರ ಅವಳ ಪಕ್ಕಕ್ಕೇ ಬಂದು ಕೂತ. ಮೊದಲು ಪ್ಲಗ್ ಕಿತ್ತ. ಮುಂದಿನ ಮುಚ್ಚಳ ಎತ್ತಿದ.

"ಕಾಗದ ಯಾವ ಕಡೆ ಹೊರಟಿತ್ತೋ ಆ ಕಡೆಗೇ ಕರ್ಕೊಂಡು ಬರ್ಬೇಕು. ಹಿಂದಕ್ಕೆ ಜಗ್ಗಿದ್ರೆ ಹಟ ಮಾಡುತ್ತೆ, ಹರಿದುಹೋಗುತ್ತೆ. ಎರಡೂ ಕೈಲಿ ಹಿಡೀರಿ... ಹಾಂ, ಹಾಗೇ... ನಿಧಾನ..."

ಅವಳ ಕೈಗಳ ಮೇಲೆ ಅವನ ಕೈಗಳಿದ್ದವು. ಕಾಗದ ಸುಕ್ಕುಸುಕ್ಕಾಗಿ, ಆದರೆ ಇಡಿಯಾಗಿ ಹೊರಗೆ ಬಂತು. ಪುಟ್ಟಿಯ ಎದೆ ಮಾತ್ರ ಡವಡವ ನಿಲ್ಲಲೊಲ್ಲದು!

"ಇಷ್ಟೊಂದು ತುಂಬಿದ್ರೆ ಅದಾದ್ರೂ ಹೇಗೆ ನುಂಗುತ್ತೆ? ಟ್ರೇಯಲ್ಲಿ ಗೆರೆ ಇದೆ ನೋಡಿ, ಅದರ ಕೆಳಗೇ ಇರ್ಬೇಕು. ಕಟ್ಟನ್ನ ಹೀಗೆ ಬೀಸಣಿಗೆ ತರ ಬಿಡಿಸಿ, ಗಾಳಿ ಆಡಿಸಿ. ಆಮೇಲೆ ಈ ಪಕ್ಕದ ತಡೆಗಳನ್ನ ಕಾಗದಕ್ಕೆ ತಾಗಿಸಿ, ಬಿಗೀಬೇಡಿ. ಕಟ್ಟನ್ನ ಎಲ್ಲಿಟ್ಟಿದ್ರಿ?"

ಅವಳು ಕಿಟಕಿಯ ಕಡೆ ಬೆರಳು ತೋರಿಸಿದಳು. ಪಕ್ಕದಲ್ಲೇ ಒದ್ದೆ ಬಟ್ಟೆಯ ಹಗ್ಗ.

"ಅದಕ್ಕೇ ತೇವ ಹಿಡಿದಿದೆ! ಒಂದಕ್ಕೊಂದು ಅಂಟಿಕೊಂಡು ಹೋಗ್ತಿವೆ. ಕಪಾಟಿನಲ್ಲಿಡಿ."

ಪುಟ್ಟಿ ಪ್ರತಿ ಮಾತನ್ನೂ ಕಣ್ಣಲ್ಲೇ ಕುಡಿದಳು. ಅಮ್ಮ ಹಾಸಿಗೆ ಹಿಡಿದ ವರ್ಷ ಶಾಲೆ ಬಿಟ್ಟವಳು ಅವಳು. ಅಂದಿನಿಂದ ಅವಳಿಗೆ ಯಾರೂ ಏನನ್ನೂ ಹೀಗೆ ಕೂತು ಕಲಿಸಿರಲಿಲ್ಲ.

ಆ ವಾರದ ಹಾಳೆಗಳೆಲ್ಲ ಹೊರಬಂದ ಮೇಲೆ ಅವನು ಯಂತ್ರವನ್ನು ತಿರುಗಿಸಿ, ಅವಳಿಗೆ ಬೆನ್ನು ಹಾಕಿ, ಹಿಂದಿನ ಮುಚ್ಚಳ ತೆಗೆದು ಏನೋ ಮಾಡಿದ. ಅವಳು ಇಣುಕಿದಳು.

"ಇದನ್ನ ಮಾತ್ರ ನೀವು ಮುಟ್ಬೇಡಿ" ಎಂದ, ಮುಖ ತಿರುಗಿಸದೆ. "ಕರೆಂಟ್ ಹೊಡೆಯುತ್ತೆ."

ಹೊರಡುವಾಗ ಜೇಬಿನಿಂದ ಹಸಿರು ಹೊದಿಕೆಯ ಪೆಪ್ಪರ್‌ಮಿಂಟ್ ತೆಗೆದು ಅವಳ ಅಂಗೈಗೆ ಹಾಕಿದ. "ಹೆದರಿದ್ರಲ್ಲ... ಬಾಯಿಗೆ ಹಾಕ್ಕೊಳ್ಳಿ."

ಆ ಹಸಿರು ಹೊದಿಕೆಯನ್ನು ಪುಟ್ಟಿ ಬಿಸಾಡಲಿಲ್ಲ. ಉಗುರಿನಿಂದ ಉಜ್ಜಿ ಉಜ್ಜಿ ಸುಕ್ಕು ತೆಗೆದು, ಕಪಾಟಿನಲ್ಲಿ ಬಟ್ಟೆಗಳ ಅಡಿಯಲ್ಲಿಟ್ಟಳು.

ಚಿಕ್ಕ ಮಕ್ಕಳ ಶಾಲೆಯ ಟೀಚರ್ ಅವಳಿಗೆ ಕೆಲಸ ಕೊಟ್ಟಿದ್ದರು. ಮಕ್ಕಳು ಬಣ್ಣ ತುಂಬುವ ಹಾಳೆಗಳು. ಬಾತುಕೋಳಿ, ಕೊಡೆ, ರೈಲುಬಂಡಿ. ವಾರಕ್ಕೊಂದು ಕಟ್ಟು. ಪುಟ್ಟಿಯ ಜೀವನದಲ್ಲಿ 'ಇದು ನನ್ನ ಕೆಲಸ' ಅಂತ ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಆದರೆ ಮುಂದಿನ ವಾರ ಕಾಗದ ಮತ್ತೆ ಸಿಕ್ಕಿಕೊಂಡಿತು!

ಅವಳು ಗೆರೆಯ ಕೆಳಗೇ ತುಂಬಿದ್ದಳು. ಬೀಸಣಿಗೆಯಂತೆ ಬಿಡಿಸಿದ್ದಳು. ಒಣಗಿದ ಕಾಗದವನ್ನೇ ಹಾಕಿದ್ದಳು. ಆದರೂ ಕಾಗದ ಸೊಟ್ಟಗೆ ಹೋಗಿ, ಮಡಚಿಕೊಂಡು ನಿಂತುಬಿಟ್ಟಿತ್ತು.

"ನಿನ್ನ ಕೈ ಕಂಡ್ರೆ ಮೆಷಿನ್ನಿಗೂ ಉಸಿರು ಕಟ್ಟುತ್ತೆ ಕಣೇ" ಎಂದು ನಕ್ಕ ಅಣ್ಣ.

"ಫೋನ್ ಹಚ್ಚಲಾ, ರಿಪೇರಿ ರಾಯರಿಗೆ?" ಎಂದು ಅತ್ತಿಗೆ ಕಣ್ಣು ಮಿಟುಕಿಸಿದಳು.

ರಾಯರು ಬಂದರು. ಮುಂದಿನ ವಾರವೂ ಬಂದರು. ಅದರ ಮುಂದಿನ ವಾರವೂ... ಪ್ರತಿ ಸಲ ಅವನು ಪಕ್ಕದಲ್ಲಿ ಕೂತು ಅದೇ ಪಾಠ ಹೇಳಿಕೊಟ್ಟು, ಆ ವಾರದ ಹಾಳೆ ತೆಗೆಸಿ, ಹೊರಡುವ ಮುಂಚೆ ಹಿಂದಿನ ಮುಚ್ಚಳ ತಾನೇ ತೆರೆದು ಮುಚ್ಚಿದ. ಪ್ರತಿ ಸಲ ಒಂದು ಪೆಪ್ಪರ್‌ಮಿಂಟ್.

ಪುಟ್ಟಿ ಇಸ್ತ್ರಿ ಮಾಡಿದ ಬಟ್ಟೆ ಹಾಕತೊಡಗಿದಳು. ಬಟನ್ ಒತ್ತುವಾಗ ಅವಳ ಮನಸ್ಸು ಎರಡಾಗುತ್ತಿತ್ತು. 'ಸಿಕ್ಕಿಕೊಳ್ಳದಿರಲಿ, ಟೀಚರ್ ಕಾಯ್ತಿದ್ದಾರೆ...' ಎನ್ನುತ್ತಿತ್ತು ಒಂದು. 'ಸಿಕ್ಕಿಕೊಂಡ್ರೆ ಅವರು ಬರ್ತಾರೆ...' ಎನ್ನುತ್ತಿತ್ತು ಇನ್ನೊಂದು. ಎರಡಕ್ಕೂ ಅವಳಿಗೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ನಿಜ ಹೇಳಿ... ನನ್ನಿಂದಾನೇ ಹೀಗಾಗ್ತಿದ್ಯಾ? ನನ್ನ ಕೈಯೇ ಸರಿ ಇಲ್ವಾ?"

ಅವನು ಟಾರ್ಚನ್ನು ಆರಿಸಿ, ಹತ್ತಿಸಿ, ಮತ್ತೆ ಆರಿಸಿದ.

"ಅಭ್ಯಾಸ ಆದ್ರೆ ಸರಿಹೋಗುತ್ತೆ ಬಿಡಿ" ಎಂದ.

ಅಂದರೆ... ಹೌದು ಅಂತಲೇ! ಪುಟ್ಟಿ ತಲೆ ತಗ್ಗಿಸಿದಳು. ಅಣ್ಣ ನೂರು ಸಲ ಹೇಳಿದ್ದನ್ನು ಅವಳು ನಂಬಿರಲಿಲ್ಲ. ಇವನು ಒಮ್ಮೆ ಹೇಳಿದ್ದನ್ನು ನಂಬಿಬಿಟ್ಟಳು.

ಟೀಚರ್ ಫೋನು ಬಂದದ್ದು ಆಮೇಲೆ.

"ಮತ್ತೆ ತಡ ಆಯ್ತಲ್ಲಮ್ಮಾ. ಮಕ್ಕಳು ಕ್ರೇಯಾನ್ ಹಿಡ್ಕೊಂಡು ಸುಮ್ನೆ ಕೂತಿದ್ವು. ಬೇಜಾರು ಮಾಡ್ಕೋಬೇಡ, ಮೂಲೆ ಜೆರಾಕ್ಸ್ ಅಂಗಡಿಯವರಿಗೆ ಹಾಳೆ ತೆಗೆದುಕೊಡೋಕೆ ಹೇಳ್ಬಿಟ್ಟೆ."

ಅಣ್ಣ ಚಹಾ ಹೀರುತ್ತಾ ಹೇಳಿದ: "ಭಾನುವಾರ ನನ್ನ ಗೆಳೆಯ ಬಂದು ಪ್ರಿಂಟರ್ ಕೊಂಡ್ಕೊಂಡು ಹೋಗ್ತಾನೆ. ಮನೇಲಿ ಸುಮ್ನೆ ಜಾಗಕ್ಕೆ ದಂಡ. ನೀನು ಅತ್ತಿಗೆಗೆ ಅಡಿಗೆಮನೇಲಿ ಸಹಾಯ ಮಾಡ್ಕೊಂಡಿರು. ಯಂತ್ರಗಿಂತ್ರ ನಿನಗೆ ಒಗ್ಗಲ್ಲ ಪುಟ್ಟಿ."

"ಅಣ್ಣ, ಇನ್ನೊಂದೇ ಒಂದ್ಸಲ... ಒಂದು ಕಟ್ಟು ಚೆನ್ನಾಗಿ ತೆಗೆದು ಟೀಚರಿಗೆ ತೋರಿಸ್ತೀನಿ..."

"ತೆಗಿ, ನೋಡೋಣ."

ಶನಿವಾರ ಮಧ್ಯಾಹ್ನ ಅವಳು ಕೂತಳು. ಬಿಡಿಸಿ, ತಟ್ಟಿ, ಗೆರೆ ನೋಡಿ, ತಡೆ ತಾಗಿಸಿ, ಬಟನ್ ಒತ್ತಿದಳು.

ಕರ್ರ್... ಟಕ್!

ರಿಪೇರಿಯವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಅಂಗಡಿಗೆ ಮಾಡಿದಳು. ಅಂಗಡಿಯ ಯಜಮಾನರು ಎತ್ತಿದರು.

"ಅವನು ಎಲ್ಲೋ ರಿಪೇರಿಗೆ ಹೋಗಿದ್ದಾನಮ್ಮ, ಸಂಜೆ ಕಳಿಸ್ತೀನಿ. ಅಲ್ಲೀತನಕ ಯಾಕೆ ಕಾಯ್ತೀಯ? ಹಿಂದಿನ ಮುಚ್ಚಳ ತೆಗೆದು ನೋಡು."

"ಅದು... ಕರೆಂಟ್ ಹೊಡೆಯುತ್ತಂತೆ?"

"ಯಾರಮ್ಮ ಹೇಳಿದ್ದು?" ಅವರು ಗೊಳ್ಳನೆ ನಕ್ಕರು. "ಮನೆಯವರು ತೆಗೀಲಿ ಅಂತಾನೇ ಅದನ್ನ ಇಟ್ಟಿರೋದು! ಪ್ಲಗ್ ಕಿತ್ತು, ಮುಚ್ಚಳದ ಎರಡು ಬದಿಯ ಕಿವಿ ಒತ್ತು. ಉರುಳೆ ಹತ್ತಿರ ಏನಾದ್ರೂ ಚೂರು ಇದ್ರೆ ತೆಗೆದುಬಿಡು, ಅಷ್ಟೇ."

ಪುಟ್ಟಿ ಪ್ಲಗ್ ಕಿತ್ತಳು. ಯಂತ್ರ ತಿರುಗಿಸಿದಳು. ಎರಡು ಕಿವಿಗಳನ್ನು ಒತ್ತುತ್ತಲೇ ಮುಚ್ಚಳ ಸುಲಭವಾಗಿ ಕೈಗೆ ಬಂತು.

ಎಡಗಡೆಯ ಉರುಳೆಯ ಪಕ್ಕದಲ್ಲಿ ಒಂದು ಚೂರು ಸಿಕ್ಕಿಸಿಟ್ಟಿತ್ತು. ನಾಲ್ಕು ಮಡಿಕೆ, ನೀಟಾಗಿ ಒತ್ತಿದ ಮಡಿಕೆ. ಕಾಗದ ಅಲ್ಲಿಗೆ ಬಂದೊಡನೆ ಎಡವಿ ಸೊಟ್ಟಗೆ ತಿರುಗುವಷ್ಟೇ ದಪ್ಪ.

ಹಸಿರು... ಹೊಳೆಯುವ ಹಸಿರು...

ಅದೇನೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಅಂಥವೇ ಎಷ್ಟೋ ಅವಳ ಬಟ್ಟೆಗಳ ಅಡಿಯಲ್ಲಿ ಮಲಗಿದ್ದವು!

ಸಿಕ್ಕಿದ್ದ ಕಾಗದವನ್ನೂ ಆ ಚೂರನ್ನೂ ತೆಗೆದು, ಮುಚ್ಚಳ ಹಾಕಿ, ಪ್ಲಗ್ ಚುಚ್ಚಿ ಬಟನ್ ಒತ್ತಿದಳು. ಬಾತುಕೋಳಿಗಳು ಒಂದರ ಹಿಂದೆ ಒಂದು, ಇಡೀ ಕಟ್ಟು, ಎಲ್ಲೂ ತಡೆಯದೆ ಹೊರಬಂದವು. ಪುಟ್ಟಿ ನೆಲದ ಮೇಲೆ ಕೂತು, ಬಾಯಿಗೆ ಕೈ ಒತ್ತಿಕೊಂಡು ಅತ್ತಳು.

ಸಂಜೆ ಅವನು ಬಂದ. ಬಾಗಿಲಲ್ಲೇ ಅವಳ ಅಂಗೈಯಲ್ಲಿದ್ದ ಹಸಿರು ಚೂರನ್ನು ನೋಡಿ ನಿಂತುಬಿಟ್ಟ.

"ಇದು ನಿಮ್ದೇನಾ?" ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ಚೀಲ ಅವನ ಹೆಗಲಿಂದ ಜಾರಿತು.

"...ಹೌದು."

"ಯಾಕೆ?"

"ನಿಮ್ಮನ್ನ ನೋಡೋಕೆ" ಎಂದ. "ಮೊದಲ್ನೇ ದಿನ ಎಲ್ಲಾ ಹೇಳ್ಕೊಟ್ಟುಬಿಟ್ಟೆ. ನೀವು ಒಂದೇ ಸಲಕ್ಕೆ ಎಲ್ಲಾ ಕಲಿತುಬಿಟ್ರಿ. ಇನ್ನು ನನ್ನನ್ನ ಕರೆಯೋದೇ ಇಲ್ಲ ಅನ್ನಿಸ್ತು. ಬಾಯಿಬಿಟ್ಟು ಹೇಳೋಕೆ ಧೈರ್ಯ ಇರ್ಲಿಲ್ಲ. ಒಂದ್ಸಲ, ಒಂದೇ ಸಲ ಇನ್ನೊಮ್ಮೆ ನೋಡೋಣ ಅಂತ... ಆಮೇಲೆ ಪೂರ್ತಿ ತೆಗೆಯೋಕೆ ಮನಸ್ಸೇ ಬರ್ಲಿಲ್ಲ. ನಾನು ನಿಮ್ಮನ್ನ ಪ್ರೀತಿಸ್ತೀನಿ."

ಈ ಮಾತಿಗಾಗಿ ಅವಳು ಎಷ್ಟು ವಾರ ಕಾದಿದ್ದಳು! ಈಗ ಅದು ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು.

"ನಾನೂ ಕಾಯ್ತಿದ್ದೆ" ಎಂದಳು. "ಇಸ್ತ್ರಿ ಮಾಡ್ಕೊಂಡು, ತಲೆ ಬಾಚ್ಕೊಂಡು ಕಾಯ್ತಿದ್ದೆ. ಅದಕ್ಕೇ ಇಷ್ಟು ಉರೀತಿರೋದು. ಕೆಲಸ ಹೋಯ್ತು, ಅದನ್ನ ಹೇಗೋ ನುಂಗ್ತೀನಿ. ಆದ್ರೆ ಅವತ್ತು ನಾನು ನಿಮ್ಮನ್ನ ಬಾಯಿಬಿಟ್ಟು ಕೇಳಿದೆ, ನನ್ನ ಕೈ ಸರಿ ಇಲ್ವಾ ಅಂತ... ಆಗ ಏನಂದ್ರಿ?"

ಅವನು ಜಾರಿದ ಚೀಲವನ್ನು ಎತ್ತಿ ಗೋಡೆಗೆ ಒರಗಿಸಿಟ್ಟ.

"ಅಡಿಗೆಮನೇಲಿ ಲೋಟ ಹಿಡಿಯೋಕೂ ಹೆದರ್ತಿದ್ದೆ ನಾನು! ನನ್ನ ಕೈಗೆ ಏನೂ ಆಗಿಬರಲ್ಲ ಅಂತ. ನಿಮಗೆ ಗೊತ್ತಿತ್ತು... ಪಕ್ಕದಲ್ಲೇ ಕೂತು ನೋಡ್ತಿದ್ರಿ... ನೋಡ್ತಾ ಪೆಪ್ಪರ್‌ಮಿಂಟ್ ಕೊಟ್ರಿ!"

ಒಳಗಿನ ಕೋಣೆಯಿಂದ ಕಿಲಕಿಲ ನಗು ಕೇಳಿಸಿತು. ಅತ್ತಿಗೆ ಪರದೆ ಸರಿಸಿಕೊಂಡು ಹೊರಬಂದಳು. ಹಿಂದೆಯೇ ಅಣ್ಣ.

"ಅಯ್ಯೋ, ಎಂಥಾ ಪ್ರೀತಿ ಕಣ್ರೀ! ಕಥೇಲಿ ಓದಿದ ಹಾಗಿದೆ!" ಎಂದಳು ಅತ್ತಿಗೆ. "ನೋಡೋಕೆ ಅಂತ ಮೆಷಿನ್ ಕೆಡಿಸಿದ್ರಂತೆ! ನಿಮ್ಮಣ್ಣ ನನಗೋಸ್ಕರ ಒಂದು ಬಲ್ಬೂ ಬದಲಾಯಿಸಿದವರಲ್ಲ. ಪುಣ್ಯ ಮಾಡಿದ್ದೀಯ ಪುಟ್ಟಿ, ಯಾಕೆ ಅಳ್ತೀಯ?"

"ಇಷ್ಟೇನಾ ವಿಷ್ಯ?" ಅಣ್ಣನೂ ಹೊಟ್ಟೆ ಹಿಡಿದು ನಕ್ಕ. "ಕಿಲಾಡಿ ಕಣಯ್ಯ ನೀನು! ಬಾ, ಕೂತ್ಕೋ."

ರಿಪೇರಿಯವನು ಕೂರಲಿಲ್ಲ.

"ನಗ್ಬೇಡಿ" ಎಂದ. "ನೀವು ಅವರ ಕೈಯನ್ನ ಆಡ್ಕೊಂಡಾಗೆಲ್ಲ ನಾನು ಇಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಅವರದ್ದು ಒಂದು ತಪ್ಪೂ ಇರ್ಲಿಲ್ಲ, ಎಲ್ಲಾ ನಂದೇ. ಟೀಚರ್ ಹತ್ರ ಹೋಗಿ ಇದನ್ನೇ ಹೇಳ್ತೀನಿ. ನಮ್ಮ ಯಜಮಾನರ ಹತ್ರಾನೂ. ಕೆಲಸ ಹೋದ್ರೆ ಹೋಗ್ಲಿ."

ಪುಟ್ಟಿ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. ಕೋಪ ಕರಗಿರಲಿಲ್ಲ. ಆದರೆ ಅದರ ಅಡಿಯಲ್ಲಿದ್ದ ಇನ್ನೊಂದೂ ಹೋಗಿರಲಿಲ್ಲ...

ಅವನು ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಾಚೆ ನಿಂತ. "ನಾನು... ಮತ್ತೆ ಯಾವತ್ತಾದ್ರೂ ಬರ್ಬಹುದಾ?"

ಅವಳು ಅಂಗೈಯ ಹಸಿರು ಚೂರನ್ನು ಮತ್ತೊಮ್ಮೆ ಮಡಚಿದಳು.

"ಟೀಚರ್ ಹತ್ರ ಹೋಗಿ ಬಂದ ಮೇಲೆ ಬನ್ನಿ. ಚೀಲ ತರ್ಬೇಡಿ" ಎಂದಳು ಮೆಲ್ಲಗೆ.

"ತರಲ್ಲ."

"ಸುಳ್ಳನ್ನ?"

"ಅದನ್ನೂ ತರಲ್ಲ."

ಅವನು ಮೆಟ್ಟಿಲಿಳಿದು ಹೋದ. ಪುಟ್ಟಿ ಒಳಗೆ ಬಂದು ಬಾತುಕೋಳಿಗಳ ಹಾಳೆಗಳನ್ನು ಒಟ್ಟುಮಾಡಿ, ಅಂಚು ಸಮ ಮಾಡಿ ಮೇಜಿನ ಮೇಲಿಟ್ಟಳು.

"ಸರಿ ಬಿಡು, ಪ್ರಿಂಟರ್ ಮಾರಲ್ಲ" ಎಂದ ಅಣ್ಣ, ಟಿವಿಯ ರಿಮೋಟು ಹುಡುಕುತ್ತಾ. "ಗೆಳೆಯನಿಗೆ ಏನೋ ಒಂದು ಹೇಳ್ತೀನಿ. ಸಂತೋಷ ಆಯ್ತಾ?"

"ಇನ್ನು ಮುಖ ತೊಳ್ಕೋ ಹೋಗು" ಎಂದಳು ಅತ್ತಿಗೆ, ಇನ್ನೂ ನಗುತ್ತಾ.

ಪುಟ್ಟಿ ಹೋಗಲಿಲ್ಲ. ಮೇಜಿನ ಪಕ್ಕದಲ್ಲೇ ನಿಂತಳು. ಅಣ್ಣನಿಗೆ ರಿಮೋಟು ಸಿಕ್ಕಿತು. ಟಿವಿಯಲ್ಲಿ ಯಾರೋ ಜೋರಾಗಿ ಹಾಡತೊಡಗಿದರು. ಅತ್ತಿಗೆ ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಕಪಾಟಿನ ಕಡೆ ನಡೆದಳು.

"ಅಣ್ಣ" ಎಂದಳು ಪುಟ್ಟಿ. "ನನ್ನ ಕೈ ಸರಿ ಇದೆ ಅಂತ ನೀನೂ ಒಂದ್ಸಲ ಹೇಳು."