ಪಡೀಲಿನ ಎರಡನೇ ಬಾಕ್ಸ್

“ಹೊರಗೆ ಮಳೆ ಉಂಟಾ ಸರ್?”

ಟಿವಿಯಲ್ಲಿ ಸಿಗ್ನಲ್ ಇಲ್ಲ ಎಂದು ಯಾರು ಕರೆ ಮಾಡಿದರೂ ಅಶ್ಮಿತಾ ಮೊದಲು ಕೇಳುವ ಪ್ರಶ್ನೆ ಅದು.

“ಇಲ್ಲ ಮೇಡಂ, ಸುಡುವ ಬಿಸಿಲು,” ಎಂದ ಆ ಕಡೆಯವನು.

ಅಶ್ಮಿತಾ ತಲೆಯೆತ್ತಿ ನೋಡಿದಳು. ಕೊಟ್ಟಾರದ ಹೆದ್ದಾರಿ ಮಳೆಯಲ್ಲಿ ಮಾಯವಾಗಿತ್ತು. ಅವಳು ಕೆಲಸ ಮಾಡುವ ಡಿಶ್ ಅಂಗಡಿಯ ಎದುರು ರಿಕ್ಷಾದವರೊಬ್ಬರು ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು ನಿಂತಿದ್ದರು. ಕಂಪ್ಯೂಟರಿನಲ್ಲಿ ಇವನ ವಿಳಾಸ ಪಡೀಲ್ ಎಂದಿತ್ತು. ಅಷ್ಟು ಹತ್ತಿರದಲ್ಲಿ ಬಿಸಿಲೇ?

“ಪಡೀಲಿನಲ್ಲಿ ಬಿಸಿಲಾ ಸರ್?”

“ಅಲ್ಲ... ಸಣ್ಣ ಮಳೆಯೂ ಉಂಟು.”

“ನಿಮ್ಮ ಹಿಂದೆ ಯಾರೋ ಅರಬಿಯಲ್ಲಿ ಬೊಬ್ಬೆ ಹೊಡೀತಿದ್ದಾರೆ.”

“ಅದು ಟಿವಿ, ಮೇಡಂ.”

“ಟಿವಿ ಬರುವುದಿಲ್ಲ ಅಂತಲ್ಲವಾ ನೀವು ಕಾಲ್ ಮಾಡಿದ್ದು?”

ಅವನು ನಕ್ಕುಬಿಟ್ಟ. ಸಿಕ್ಕಿಬಿದ್ದವನ ನಗೆ. ಆ ನಗೆ ಚೆನ್ನಾಗಿದೆ ಎಂದು ಅವಳಿಗೆ ಅನಿಸಿತು. ಅಪರಿಚಿತನ ನಗೆ ಚೆನ್ನಾಗಿದೆ ಎಂದು ಅನಿಸಬಹುದೇ ಎಂದು ಮರುಕ್ಷಣವೇ ಸಂಕೋಚವೂ ಆಯಿತು.

ಹೆಸರು ಹಿತೇಶ್. ಬಹರೈನಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ. ಪಡೀಲಿನ ಮನೆಯಲ್ಲಿ ಒಂದೇ ಖಾತೆಗೆ ಎರಡು ಬಾಕ್ಸ್. ಒಂದರಲ್ಲಿ ಅಮ್ಮ ಧಾರಾವಾಹಿ ನೋಡುತ್ತಾರೆ. ಎರಡನೆಯದು ಕುಚ್ಚಲಕ್ಕಿ ಮತ್ತು ಒಣಮೀನಿನ ನಡುವೆ ಕೂತು, ಇವನ ಸೂಟ್‌ಕೇಸಿನಲ್ಲಿ ಸಮುದ್ರ ದಾಟಿತ್ತು.

“ಬರೆಸಿದ ವಿಳಾಸದಲ್ಲಿ ಮಾತ್ರ ಬಾಕ್ಸ್ ಇಡಬೇಕು ಸರ್. ಕಂಪೆನಿಯ ರೂಲ್.”

“ಗೊತ್ತುಂಟು ಮೇಡಂ. ಆದರೆ ಇಲ್ಲಿ ಶುಕ್ರವಾರ ರಜೆ. ಊರಿನ ಚಾನೆಲ್ ಇಲ್ಲದಿದ್ದರೆ ಆ ದಿನ ಮುಗಿಯುವುದೇ ಇಲ್ಲ.”

ಬಾಕ್ಸಿಗೆ ಮತ್ತೆ ಸಿಗ್ನಲ್ ಕಳಿಸಲು ಅಶ್ಮಿತಾ ರಿಫ್ರೆಶ್ ಒತ್ತಿದಳು. “ನಾನು ಎಂತದೂ ಕೇಳಿಲ್ಲ. ನೀವು ಪಡೀಲಿನಲ್ಲೇ ಇದ್ದೀರಿ.”

“ಹೌದು ಮೇಡಂ. ಪಡೀಲಿನಲ್ಲೇ,” ಎಂದ ಅವನು, ತುಂಬ ಪ್ರಾಮಾಣಿಕನಂತೆ.

ಆಮೇಲೆ ಸಿಗ್ನಲ್ ಆಗಾಗ ಹೋಗತೊಡಗಿತು.

“ಪಡೀಲಿನಲ್ಲಿ ಹವೆ ಹೇಗುಂಟು ಸರ್?”

“ಒಳ್ಳೆ ಗಾಳಿ. ಜಗಲಿಯಲ್ಲಿ ಕೂತಿದ್ದೇನೆ. ರೈಲು ಹೋಗ್ತಾ ಉಂಟು.”

“ಯಾವ ಕಡೆಗೆ?”

“ನಿಮ್ಮ ಕಡೆಗೇ.”

“ಕೊಟ್ಟಾರಕ್ಕೆ ರೈಲಿಲ್ಲ ಸರ್.”

“ಇನ್ನು ಬಿಡಿಸಿದರಾಯ್ತು, ಮೇಡಂ.”

ಅವಳು ಕೆಳತುಟಿ ಕಚ್ಚಿ ಕೀಬೋರ್ಡ್ ನೋಡುತ್ತಿದ್ದಳು. ಕಾಣದ ಮನುಷ್ಯನೆದುರು ನಗು ಮುಚ್ಚಿಡುವ ಅಗತ್ಯವೇ ಇರಲಿಲ್ಲ. ಆದರೂ ಮುಚ್ಚಿಡುತ್ತಿದ್ದಳು. ಫೋನ್ ಎರಡು ಸಲ ರಿಂಗಾದ ಮೇಲೆಯೇ ಎತ್ತುತ್ತಿದ್ದಳು, ತನಗಾಗಿ ಕಾಯುತ್ತಿದ್ದಳು ಎಂದು ಅವನು ತಿಳಿಯಬಾರದಲ್ಲ.

ಇದಕ್ಕೆ ಏನೆಂದು ಹೆಸರು? ರಾತ್ರಿ ಊಟಕ್ಕೆ ಕೂತಾಗ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಅವನು ಎಲ್ಲ ಕಸ್ಟಮರ್ ಕೇರಿನವರ ಜೊತೆಗೂ ಹೀಗೆಯೇ ಮಾತಾಡುವವನಿರಬಹುದು. ಸಿಗ್ನಲ್ ಸರಿಯಾದ ದಿನ ತನ್ನ ನೆನಪೇ ಇರಲಿಕ್ಕಿಲ್ಲ. ಕೇಳಿಬಿಡಬೇಕು ಅನಿಸುತ್ತಿತ್ತು. ಆದರೆ ಕೇಳಲು ಅವಳ ಬಳಿ ಇದ್ದದ್ದು ಮಳೆಯ ಪ್ರಶ್ನೆ ಒಂದೇ.

ಸೋಮವಾರ ಅಂಗಡಿಯ ಮಾಲೀಕ ಆಂಬ್ರೋಸ್ ಛತ್ರಿ ಕೊಡವುತ್ತಾ ಒಳಗೆ ಬಂದರು.

“ಅಶ್ಮಿತಾ, ಕಂಪೆನಿಯವರು ಶುರು ಮಾಡಿದ್ದಾರೆ ನೋಡು. ಬಾಕ್ಸ್ ಎಲ್ಲ ಬರೆದ ವಿಳಾಸದಲ್ಲೇ ಉಂಟಾ ಅಂತ ಇವತ್ತೇ ತಿಳಿಸಬೇಕಂತೆ. ನಿನಗೆ ನಮ್ಮ ಗಿರಾಕಿಗಳೆಲ್ಲ ಗೊತ್ತಲ್ಲ. ಉಂಟು ಅಂದರೆ ಉಂಟು, ಇಲ್ಲ ಅಂದರೆ ಕಟ್. ನಿನ್ನ ಮಾತೇ ಕೊನೆ.”

“ನನ್ನ ಮಾತಾ ಸರ್?”

“ಮತ್ತೆ ಯಾರದ್ದು? ನೀನು ಸುಳ್ಳು ಹೇಳುವವಳಲ್ಲ ಮಾರಾಯ್ತಿ,” ಎಂದು ಅವರು ಚಹಾ ಕುಡಿಯಲು ಹೊರಟರು.

ಪಡೀಲಿನ ಎರಡನೇ ಬಾಕ್ಸಿನ ಹತ್ತಿರ ಅವಳ ಬೆರಳು ನಿಂತಿತು. ‘ಉಂಟು’ ಎಂದು ಒತ್ತಿದರೆ ನಾಳೆಯೂ ಆ ನಗೆ ಕೇಳಿಸುತ್ತದೆ. ಆದರೆ ಆಂಬ್ರೋಸ್ ಅವಳ ಮೇಲೆ ಇಟ್ಟ ನಂಬಿಕೆ ಅದನ್ನೊತ್ತಿದ ಕ್ಷಣವೇ ಸುಳ್ಳಾಗುತ್ತದೆ. ‘ಇಲ್ಲ’ ಎಂದರೆ ಅವನಿಗೆ ಕರೆ ಮಾಡಲು ಇನ್ನು ಯಾವ ನೆಪವೂ ಉಳಿಯುವುದಿಲ್ಲ.

ಅವಳು ಅಂಗಡಿಯ ಫೋನ್ ಬಿಟ್ಟು ತನ್ನ ಸ್ವಂತ ಮೊಬೈಲ್ ಎತ್ತಿಕೊಂಡಳು. ಅವನು ಅಂಗಡಿಗೆ ಕರೆ ಮಾಡುತ್ತಿದ್ದ ನಂಬರಿಗೆ, ವಾಟ್ಸ್ಆ್ಯಪಿನಲ್ಲಿ, ಮೊದಲ ಸಲ ಅವಳೇ ಕರೆ ಮಾಡಿದಳು.

“ಹಿತೇಶ್, ನಾನು ಅಶ್ಮಿತಾ. ಡಿಶ್ ಅಂಗಡಿಯವಳು.”

“ಸ್ವರ ಗೊತ್ತಾಗ್ತದೆ.” ಮಾತಿನಲ್ಲಿ ಗಾಬರಿಯಿತ್ತು. “ಎಂತ ಆಯ್ತು?”

“ನಿಮ್ಮ ಬಾಕ್ಸ್ ಕಟ್ ಮಾಡ್ತಿದ್ದೇನೆ. ಕಂಪೆನಿ ಕೇಳಿದೆ, ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ.” ಉಸಿರು ತೆಗೆದುಕೊಂಡಳು. ಇಲ್ಲಿ ನಿಲ್ಲಿಸಿದರೆ ಮತ್ತೆಂದೂ ಹೇಳಲಾರೆ ಎಂದು ಅವಳಿಗೆ ಗೊತ್ತಿತ್ತು. “ಅದನ್ನು ಮೆಸೇಜಿನಲ್ಲಿ ಹೇಳಬಹುದಿತ್ತು. ಕಾಲ್ ಮಾಡಿದ್ದು ಬೇರೆ ವಿಷಯಕ್ಕೆ. ನಿಮ್ಮ ಕಾಲ್ ಬರದಿದ್ದರೆ ನನಗೆ ಬೇಸರ ಆಗ್ತದೆ. ಕಸ್ಟಮರ್ ಅಂತ ಅಲ್ಲ. ನಿಮಗೆ ಹಾಗಿಲ್ಲದಿದ್ದರೆ ಈಗಲೇ ಹೇಳಿ, ನಾನು ತಡ್ಕೊಳ್ತೇನೆ.”

ಆ ಕಡೆ ಅವನು ನಗತೊಡಗಿದ.

“ನಗುವುದೆಂತದ್ದು?”

“ಬೈಯಬೇಡಿ ಮಾರಾಯ್ರೆ. ನಮ್ಮ ಡಿಶ್ ಗಾಳಿಗೆ ಬಿದ್ದು ಎರಡು ತಿಂಗಳಾಯ್ತು. ಮತ್ತೆ ಇಡ್ಲಿಕ್ಕೆ ಬಿಲ್ಡಿಂಗಿನವರು ಬಿಡಲಿಲ್ಲ. ಟಿವಿ ಬರ್ತಾನೇ ಇಲ್ಲ.”

ಅಶ್ಮಿತಾ ಕುರ್ಚಿಯಿಂದ ಎದ್ದಳು. “ಎರಡು ತಿಂಗಳಾ? ಮತ್ತೆ ನಾನು ಅಷ್ಟು ಸಲ ರಿಫ್ರೆಶ್ ಕೊಟ್ಟದ್ದು?”

“ಕೊಟ್ಟಿರಿ.”

“‘ಬಂತು ಬಂತು, ಈಗ ಕ್ಲಿಯರ್ ಉಂಟು’ ಅಂತ ಮೊನ್ನೆ ಹೇಳಿದ್ದು?”

“ನಿಮ್ಮ ಸ್ವರ ಕ್ಲಿಯರೇ ಇತ್ತಲ್ಲ.”

“ರಿಚಾರ್ಜ್ ಯಾಕೆ ಮಾಡಿದಿರಿ ಹಾಗಾದರೆ?”

“ರಿಚಾರ್ಜ್ ಮುಗಿದರೆ ಕಂಪ್ಲೇಂಟ್ ಕೊಡ್ಲಿಕ್ಕೆ ಆಗ್ತದಾ?”

ಬೈಯಲು ಬಾಯಿ ತೆರೆದಳು. ಬಂದದ್ದು ನಗು. ಈ ಸಲ ಮುಚ್ಚಿಡಲಿಲ್ಲ.

ಇಬ್ಬರ ಮನೆಮಾತೂ ತುಳು. ಆದರೂ ಇಷ್ಟು ದಿನ ಕೌಂಟರಿನ ಕನ್ನಡದಲ್ಲಿ ಸರ್, ಮೇಡಂ ಎಂದೇ ಮಾತಾಡಿದ್ದರು. ಈಗ ಹಿತೇಶ್ ಸ್ವರ ತಗ್ಗಿಸಿ, “ಎಂಕ್ ಟಿವಿ ಬೊಡ್ಚಿ ಅಶ್ಮಿತಾ. ಈರ್ ಬೋಡು,” ಎಂದ.

ಟಿವಿ ಬೇಡ, ನೀವು ಬೇಕು. ಮನೆಯ ಮಾತಿನಲ್ಲಿ ಕೇಳಿದಾಗ ಅದು ಹೊರಗಿನವರು ಹೇಳಿದಂತೆ ಇರಲಿಲ್ಲ. ಅವಳ ಕಣ್ಣು ತುಂಬಿ ಬಂತು.

“ಮುಖ ನೋಡದೆಯೇ ಬೇಕಾ?” ಎಂದಳು.

“ಹಾಗಾದರೆ ತೋರಿಸಿ.”

ಅವಳು ವಿಡಿಯೊ ಒತ್ತಿದಳು. ಪರದೆಯಲ್ಲಿ ಕಂಡವನು ಅವಳು ಊಹಿಸಿದ್ದಕ್ಕಿಂತ ಕಪ್ಪು, ಊಹಿಸಿದ್ದಕ್ಕಿಂತ ನಾಚಿಕೆಯವನು. ಅಷ್ಟು ಮಾತಾಡುತ್ತಿದ್ದವನು ಒಂದು ಸಲ ನೋಡಿ ಕಣ್ಣು ಕೆಳಗಿಳಿಸಿದ. ಮತ್ತೆ ನೋಡಿದ. ಅವಳ ಹಣೆಗೆ ಅಂಟಿದ್ದ ಕೂದಲು, ಕಿವಿಗೆ ಸಿಕ್ಕಿಸಿದ್ದ ಪೆನ್ನು, ಒದ್ದೆ ಕಣ್ಣು, ಒಂದೊಂದನ್ನೂ ನಿಧಾನವಾಗಿ. ಅವಳು ಸರಿದು ಕೂರಲಿಲ್ಲ. ನೋಡಲಿ ಎಂದು ನೇರವಾಗಿ ಕೂತಳು.

“ಎಂತ, ಸಿಗ್ನಲ್ ಸಾಕಾ?”

“ತುಂಬ ಆಯ್ತು,” ಎಂದ ಅವನು. “ಮುಂದಿನ ತಿಂಗಳು ನನಗೆ ರಜೆ. ಅಮ್ಮನನ್ನು ಕರ್ಕೊಂಡು ನಿಮ್ಮ ಮನೆಗೆ ಬರ್ತೇನೆ.”

ಅವಳು ಎಡಗೈಯಲ್ಲಿ ಫೋನ್ ಹಿಡಿದುಕೊಂಡೇ ಬಲಗೈಯಿಂದ ‘ಇಲ್ಲ’ ಒತ್ತಿದಳು. ಪಡೀಲಿನ ಎರಡನೇ ಬಾಕ್ಸ್ ಕಟ್ ಆಯಿತು.

ಆಗಲೇ ಆಂಬ್ರೋಸ್ ಬಾಯಿ ಒರಸಿಕೊಳ್ಳುತ್ತಾ ಬಂದರು. ಅವಳು ಫೋನನ್ನು ಮೇಜಿನ ಮೇಲಿಟ್ಟಳು. “ಮುಗಿಯಿತಾ? ಎಷ್ಟು ಜನರದ್ದು ಕಟ್?”

“ಒಬ್ಬರದ್ದು ಸರ್. ಪಡೀಲಿನದ್ದು.”

“ಪಾಪ. ಬೇಸರ ಮಾಡಿಕೊಂಡನಾ?”

“ಇಲ್ಲ ಸರ್!” ಎಂದಿತು ಮೇಜಿನ ಮೇಲಿನ ಫೋನ್.

ಆಂಬ್ರೋಸ್ ಫೋನ್ ನೋಡಿದರು, ಅಶ್ಮಿತಾಳನ್ನು ನೋಡಿದರು. ಅವಳ ಕಿವಿ ಬಿಸಿಯಾಗಿತ್ತು. ಆದರೆ ಫೋನನ್ನು ಮಗುಚಿಡಲಿಲ್ಲ. ಎತ್ತಿ ಅವರ ಕಡೆಗೆ ತಿರುಗಿಸಿದಳು.

“ಸರ್, ಇವರು ಹಿತೇಶ್,” ಎಂದಳು. “ನನ್ನನ್ನು ಕೇಳ್ಲಿಕ್ಕೆ ಮುಂದಿನ ತಿಂಗಳು ಮನೆಗೆ ಬರ್ತಾರೆ. ಆ ದಿನ ನನಗೆ ರಜೆ ಬೇಕು.”