ಅತ್ತೆಗೆಂದು ಇಟ್ಟ ಸೋಪು

ಬಚ್ಚಲಿನಿಂದ ಚೀರಾಟ ಕೇಳಿ ಕಿರಿಸೊಸೆ ಓಡಿ ಬಂದಾಗ ಓರಗಿತ್ತಿ ಬಲಗೈ ಎತ್ತಿಹಿಡಿದು ಒದ್ದಾಡುತ್ತಿದ್ದಳು. ಮುಂಗೈ ಕೆಂಡದಂತಾಗಿತ್ತು. ನೆಲದ ಮೇಲೊಂದು ಸೋಪು—ಕಿರಿಸೊಸೆ ಮೊದಲ ಸಲ ಕೈಯಾರೆ ಮಾಡಿದ್ದು.

“ಇವಳ ಸೋಪಲ್ಲಿ ಕೈ ತೊಳ್ದೆ ಅಷ್ಟೇ! ಸುಟ್ಟುಹಾಕಿದ್ಲು!”

ಅತ್ತೆಗೆ ಅಷ್ಟೇ ಸಾಕಾಯಿತು. “ವಿಡಿಯೋ ನೋಡ್ಕೊಂಡು ಸೋಪು ಮಾಡ್ತಾಳಂತೆ, ಮನೆಹಾಳಿ! ಇವತ್ತೇ ಗಂಟುಮೂಟೆ ಕಟ್ಟು!”

ಕಿರಿಸೊಸೆ ನೆಲದ ಮೇಲಿನ ಸೋಪನ್ನೇ ನೋಡಿದಳು. ಚರ್ಮ ಸುಡುವ ಕಾಸ್ಟಿಕ್ ಸೋಡಾದ ತೂಕ ತಪ್ಪಿತೇ? ಗ್ರಾಂ ಲೆಕ್ಕದಲ್ಲಿ ತೂಗಿ, ಕೊಬ್ಬರಿ ಎಣ್ಣೆಗೆ ಬೆರೆಸಿ, ತಿಂಗಳಿಡೀ ಒಣಗಿಸಿದ್ದಳಲ್ಲ! ಸೋಪು ಸರಿಬಂದರೆ ಮಾರಲು ಮುಂದಿನ ಕೋಣೆಯಲ್ಲಿ ಅರ್ಧ ನಿನಗೆ ಎಂದು ಅತ್ತೆಯೇ ಹೇಳಿದ್ದರು. ಆ ಕೋಣೆಯಲ್ಲಿ ಈಗ ಓರಗಿತ್ತಿಯ ಬ್ಯೂಟಿ ಪಾರ್ಲರ್ ಇತ್ತು.

ಮಹಡಿಯಿಂದ ಅತ್ತೆಯ ತಂಗಿ ಇಳಿದು ಬಂದರು. ಪೊಲೀಸ್ ಇನ್ಸ್‌ಪೆಕ್ಟರ್, ಸೊಸೆಯರಿಗೆ ಚಿಕ್ಕತ್ತೆ. ಬಂದವರೇ ಸುಟ್ಟ ಕೈಯನ್ನು ನಲ್ಲಿಯ ಕೆಳಗೆ ಹಿಡಿದರು.

“ತೆಗೀಬೇಡ. ನೀರು ಬೀಳ್ತಾ ಇರ್ಲಿ. ಈ ಸೋಪು ಎಲ್ಲಿತ್ತು?”

“ಕಪಾಟಲ್ಲಿ. ಕೈಗೆ ಸಿಕ್ಕಿದ್ದು ತಗೊಂಡೆ.”

ಚಿಕ್ಕತ್ತೆ ಕಿರಿಸೊಸೆಯತ್ತ ತಿರುಗಿದರು. “ಇದೊಂದೇ ದುಂಡಗಿದೆ. ಯಾಕೆ?”

“ಅತ್ತೆಗೆ ಕೊಡೋಣ ಅಂತ ಅಂಚು ಕೆತ್ತಿದ್ದೆ. ಎಲ್ಲಾ ಒಂದೇ ಸಲ ಮಾಡಿದ್ದು, ಒಂದೇ ಅಚ್ಚಿಂದೇ, ಚಿಕ್ಕತ್ತೆ.”

“ಅತ್ತೆಗೆ ಅಂತ ಎಲ್ರಿಗೂ ಗೊತ್ತಿತ್ತಾ?”

“ಅತ್ತೆ, ಓರಗಿತ್ತಿ ಇಬ್ರ ಮುಂದೇನೇ ಹೇಳಿದ್ದೆ.”

ಚಿಕ್ಕತ್ತೆ ಕಪಾಟಿನಿಂದ ಇನ್ನೊಂದು ಸೋಪು ತಂದು ಕೈಗೆ ಉಜ್ಜಿಕೊಂಡರು. ಏನೂ ಆಗಲಿಲ್ಲ. ಆಮೇಲೆ ಪಾರ್ಲರಿಗೆ ಹೋಗಿ, ಫೇಸ್‌ಪ್ಯಾಕ್ ಹಚ್ಚುವ ಬ್ರಷ್ಷೊಂದನ್ನು ಹಿಡಿದು ಬಂದರು. ಅದರ ಕೂದಲೆಲ್ಲ ಕರಗಿ ಲೋಳೆಯಾಗಿತ್ತು.

“ಅದು ಹಳೇದು!” ಓರಗಿತ್ತಿ ಅರಚಿದಳು.

“ಇರ್ಲಿ. ಎಡಗೈ ತೋರ್ಸು.”

ಎಡಗೈ ಮೇಲೆ ಒಂದು ಗುರುತೂ ಇರಲಿಲ್ಲ.

“ನಾವೆಲ್ಲ ಸುಟ್ಟ ಕೈನೇ ನೋಡ್ತಾ ನಿಂತ್ವಿ, ಅಕ್ಕ. ಸುಡದೇ ಇರೋ ಕೈ ಯಾರೂ ನೋಡ್ಲಿಲ್ಲ. ಸೋಪಲ್ಲಿ ತೊಳೆಯೋರು ಕೈಗೆ ಕೈ ಉಜ್ಜಲ್ವಾ? ಎರಡೂ ಸುಡ್ಬೇಕಿತ್ತು. ಇಲ್ಲಿ ಬರೀ ಬಲ ಮುಂಗೈ ಸುಟ್ಟಿದೆ—ಅದೂ ಹನಿ ಹನಿಯಾಗಿ. ಇದು ನೀರು ಸಿಡಿದ ಗಾಯ. ಕಾಸ್ಟಿಕ್ ಕದಡಿದ ನೀರನ್ನ ಬ್ರಷ್ಷಲ್ಲಿ ಸೋಪಿಗೆ ಬಳೀತಿದ್ಲು. ಆ ನೀರು ಬ್ರಷ್ಷಿನ ಕೂದಲೂ ತಿಂದುಹಾಕ್ತು, ಇವಳ ಕೈ ಮೇಲೂ ಸಿಡೀತು. ಸಿಕ್ಕಿಬೀಳ್ತೀನಿ ಅಂತ ಕಥೆ ಕಟ್ಟಿದ್ಲು.”

“ತನ್ನ ಕೈ ತಾನೇ…” ಅತ್ತೆ ತೊದಲಿದರು.

“ಬಳಿದದ್ದು ಅವಳ ಕೈಗೆ ಅಂತಲ್ಲ ಅಕ್ಕ, ನಿನ್ನ ಮುಖಕ್ಕೆ ಅಂತ. ಸೋಪು ಯಾರಿಗೆ ಅಂತ ಇಟ್ಟಿದ್ದು?”

ಅತ್ತೆ ಸೋಪಿನಿಂದ ದೂರ ಸರಿದರು.

“ಹೌದು!” ಓರಗಿತ್ತಿ ಹಲ್ಲು ಕಡಿದಳು. “ನನ್ನ ಪಾರ್ಲರ್ ಅರ್ಧ ಮಾಡೋಕೆ ಹೊರಟ್ರೆ ಆರತಿ ಎತ್ತಬೇಕಿತ್ತಾ?”

“ಆಸ್ಪತ್ರೆಗೆ ನಡಿ ಮೊದಲು.” ಚಿಕ್ಕತ್ತೆ ಕಿರಿಸೊಸೆಯನ್ನು ನೋಡಿದರು. “ಕಂಪ್ಲೇಂಟ್ ಕೊಡ್ತೀಯಾ?”

ಅತ್ತೆ ಅವಳ ಕೈ ಹಿಡಿದುಕೊಂಡರು. “ಬೇಡಮ್ಮಾ… ಮನೆ ಮರ್ಯಾದೆ…”

‘ಅಮ್ಮಾ’ ಎಂದು ಅವರು ಕರೆದದ್ದು ಅದೇ ಮೊದಲು. ಕಿರಿಸೊಸೆ ಕೈ ಕೊಸರಿಕೊಂಡಳು.

“ಕೊಡ್ತೀನಿ, ಚಿಕ್ಕತ್ತೆ. ಬರ್ಕೊಳ್ಳಿ.”